ಮಾಡು (ಛಾವಣಿ) ಬಿಚ್ಚುವ ಮೊದಲು: ಹಳೆ ಹಂಚಿನ ಕಟ್ಟಡ ಯಾರು, ಯಾವಾಗ ಕಟ್ಟಿದ್ದು ಎಂದು ಪತ್ತೆ ಮಾಡುವ ಬಗೆ

ನಮ್ಮ ಕಾಸರಗೋಡಿನ ಕಡೆ ಹಳೆ ಕಟ್ಟಡಗಳ ಮೇಲೆ ಕಟ್ಟಿದವರ ಹೆಸರು ಇರುವುದಿಲ್ಲ. ಮದರಾಸಿಗೆ ಹೋಗಿ ಹೈಕೋರ್ಟಿನ ಕಟ್ಟಡ ನೋಡಿ. ನಕ್ಷೆಗೆ ಕೊನೆಯ ರೂಪ ಕೊಟ್ಟವರು ಹೆನ್ರಿ ಇರ್ವಿನ್, ಕಟ್ಟಿದ ಕಂಟ್ರಾಕ್ಟರು ನಂಪೆರುಮಾಳ್ ಚೆಟ್ಟಿ, ಮುಗಿದದ್ದು 1892ರಲ್ಲಿ. ಎಲ್ಲವೂ ದಾಖಲಾಗಿದೆ. ಬೊಂಬಾಯಿಯಲ್ಲಿ ಗ್ರೆಗ್ಸನ್, ಬ್ಯಾಟ್ಲಿ ಅಂಡ್ ಕಿಂಗ್ ಎಂದು ಮೂವರ ಹೆಸರಿನ ಕಂಪನಿಯೇ ಇತ್ತು. 1930ರಲ್ಲಿ ಶುರುವಾದ ಬೊಂಬಾಯಿ ಸೆಂಟ್ರಲ್ ಸ್ಟೇಷನ್ನಿನ ನಕ್ಷೆ ಅದರ ಕ್ಲಾಡ್ ಬ್ಯಾಟ್ಲಿ ಅವರದ್ದು ಅಂತ ಇವತ್ತಿಗೂ ಹೇಳುತ್ತಾರೆ. ಅದೇ ಕಾಲದಲ್ಲಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಎದ್ದ ಮನೆ, ಶಾಲೆ, ಅಂಗಡಿ, ಕಛೇರಿಗಳನ್ನು ಕಟ್ಟಿದವರು ಯಾರು ಅಂತ ಕೇಳಿ ನೋಡಿ. "ಅಜ್ಜನ ಕಾಲದ್ದು" ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಆದರೆ ಇಲ್ಲಿಯೂ ಒಂದು ಪಾಲುದಾರಿಕೆ ಇತ್ತು. ಕೋರೆಯಲ್ಲಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕಡಿದವರು, ಸುಣ್ಣದ ಗಾರೆಯಲ್ಲಿ ಗೋಡೆ ಎಬ್ಬಿಸಿದ ಮೇಸ್ತ್ರಿ, ಅಳತೆ ಹಾಕಿ ಮಾಡು ಕೂಡಿಸಿದ ಮರಗೆಲಸದ ಆಚಾರಿ, ಮಂಗಳೂರಿನಲ್ಲಿ ಹಂಚು ಸುಟ್ಟ ಕಾರ್ಖಾನೆ. ಯಾವ ಪತ್ರಕ್ಕೂ ಸಹಿ ಹಾಕದೆ ಇವರೆಲ್ಲ ಸೇರಿ ನೂರು ವರ್ಷದ ಕಾಲ ನಮ್ಮ ಊರುಗಳಿಗೆ ಒಂದು ರೂಪ ಕೊಟ್ಟರು. ಅವರ ಗುರುತು ಕಟ್ಟಡದಲ್ಲೇ ಉಂಟು, ಅದರಲ್ಲಿ ಜಾಸ್ತಿ ಪಾಲು ಮಾಡಿನಲ್ಲಿ ಉಂಟು, ಮನೆ ಕೆಡವುವಾಗ ಮೊದಲು ಇಳಿಯುವುದೂ ಮಾಡೇ. ಒಂದು ದಿನದಲ್ಲಿ ಹಂಚು ಇಳಿಸಿ ಲಾರಿಗೆ ತುಂಬಿದ ಮೇಲೆ ಯಾರು ಬಂದರೂ ಏನೂ ಓದಲಾಗುವುದಿಲ್ಲ. ತಲಪಾಡಿಯಿಂದ ಈಚೆಗೆ ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಯ ಎಷ್ಟೋ ಹಂಚಿನ ಅಂಗಡಿಗಳು ಹೀಗೇ ಹೋದವು. ಹಾಗಾಗಿ ನಿಮ್ಮ ಮನೆಯೋ, ಕುಟುಂಬದ ತರವಾಡು ಮನೆಯೋ (ಮೂಲಮನೆ), ಊರಿನ ಶಾಲೆಯೋ ಕೆಡವುವ ಮಾತು ಎದ್ದಿದ್ದರೆ ಅಥವಾ ಸುಮ್ನೆ ತಿಳಿಯಬೇಕು ಅಂತ ಆಸೆ ಇದ್ದರೆ ಹೀಗೆ ಮಾಡಿ. ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಟೇಪು, ಒಳ್ಳೆ ಟಾರ್ಚು, ಮೊಬೈಲು, ಒಂದು ನೋಟ್‌ಬುಕ್ಕು, ಪೆನ್ಸಿಲು ಸಾಕು. ಜೊತೆಗೆ ಒಬ್ಬರು ಇರಲಿ. ಒಬ್ಬರೇ ಅಟ್ಟ ಹತ್ತಬೇಡಿ.

ಮೊದಲು ಅನುಮತಿಯ ವಿಷಯ. ಹಳೆ ಮನೆ ಎಂದರೆ ಹೆಚ್ಚಾಗಿ ಪಾಲಿನ ಮನೆ. ಒಬ್ಬ ಅಣ್ಣ ಹೂಂ ಎಂದರೂ ಇನ್ನೊಬ್ಬ ತಮ್ಮನಿಗೆ ಸಂಶಯ ಬರುತ್ತದೆ, ಇವರು ಇಲಾಖೆಯವರಾ, ಮರ ತೆಗೆದುಕೊಳ್ಳುವ ವ್ಯಾಪಾರಿಗಳಾ ಅಂತ. ನೀವು ಯಾರು, ಯಾಕೆ ಬಂದಿರಿ, ಫೋಟೋ ಏನು ಮಾಡುತ್ತೀರಿ ಅನ್ನುವುದನ್ನು ಜಗಲಿಯಲ್ಲಿ ಕೂತು ನೇರವಾಗಿ ಹೇಳಿ. ಕೆತ್ತನೆ ಬಾಗಿಲು, ಹಳೆ ತೂಗುಯ್ಯಾಲೆ, ಹಿತ್ತಾಳೆ ಸಾಮಾನು ಇರುವ ಮನೆಯಾದರೆ ಅದರ ಜಾಗ ಗೊತ್ತಾಗುವ ಹಾಗೆ ಎಲ್ಲೂ ಹಾಕುವುದಿಲ್ಲ ಅಂತಲೂ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ.

ಹಂಚಿನಿಂದ ಶುರು ಮಾಡಿ

ಮಂಗಳೂರು ಹಂಚಿನ ಹೆಸರು ಅಚ್ಚಾಗಿರುವುದು ಅಡಿಭಾಗದಲ್ಲಿ. ಅಂದರೆ ಮಾಡಿನ ಮೇಲೆ ಹತ್ತಬೇಕಾದ್ದೇ ಇಲ್ಲ. ಮುಚ್ಚಿಗೆ (ಹಲಗೆಯ ಒಳಛಾವಣಿ) ಇಲ್ಲದ ಕೋಣೆ, ಅಟ್ಟ, ಹಿಂದಿನ ಜಗಲಿ, ಎಲ್ಲಿ ಹಂಚು ಒಳಗಿನಿಂದ ಕಾಣುತ್ತದೋ ಅಲ್ಲಿ ನಿಂತು ಮೇಲೆ ನೋಡಿ. ಹೊಗೆ ಹಿಡಿದು ಕಪ್ಪಾಗಿದ್ದರೆ ಟಾರ್ಚನ್ನು ನೇರವಾಗಿ ಬಿಡಬೇಡಿ, ಓರೆಯಾಗಿ ಪಕ್ಕದಿಂದ ಬಿಡಿ. ಆಗ ಅಕ್ಷರಗಳ ನೆರಳು ಬಿದ್ದು ಹೆಸರು ಎದ್ದು ಕಾಣುತ್ತದೆ. ಕೈಗೆ ಸಿಗುವ ಹಂಚಾದರೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿ, ಅಚ್ಚು ಹಾಗೇ ಇಳಿಯುತ್ತದೆ.

ಈಗ ಓದುವ ಕೆಲಸ. ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ, ಗುರುಪುರ ನದಿಗಳ ಬದಿಯ ಜೇಡಿಮಣ್ಣು ಹಂಚಿಗೆ ಒಗ್ಗುತ್ತದೆ ಎಂದು ಕಂಡುಕೊಂಡು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಳ್ಳುವ, ಒತ್ತಿ ತೆಗೆದ ಹಂಚು ನಮ್ಮ ಕಡೆ ಬಂದದ್ದು ಹಾಗೆ. ಮೂರು ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಅಂಡ್ ಸನ್ಸ್ ಕೂಡ ಹಂಚು ಸುಡತೊಡಗಿತು. ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ಮಿಶನ್ನಿನವರದ್ದೇ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್‌ನಲ್ಲಿಯೂ ಇದ್ದವು.

ಮೊದಲ ಮಹಾಯುದ್ಧದಲ್ಲಿ ಜರ್ಮನರ ಸಂಬಂಧ ಇದ್ದ ಆಸ್ತಿ ಎಂದು ಬ್ರಿಟಿಷ್ ಸರ್ಕಾರ ಮಿಶನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟಿಗೆ ಅವು ಹೋದವು. ನಿಮಗೆ ಬೇಕಾದ ಸುಳಿವು ಇಲ್ಲೇ ಇದೆ. ಹಂಚಿನಲ್ಲಿ ಬಾಸೆಲ್ ಮಿಶನ್ ಎಂದಿದ್ದರೆ ಆ ಹಂಚು ಯುದ್ಧಕ್ಕೆ ಮೊದಲಿನದ್ದು. ಕಾಮನ್‌ವೆಲ್ತ್ ಎಂದಿದ್ದರೆ ಯುದ್ಧದ ನಂತರದ್ದು. ಒಂದು ಹೆಸರು ನೂರು ವರ್ಷವನ್ನು ಎರಡು ಭಾಗ ಮಾಡಿ ಕೊಡುತ್ತದೆ.

ತುಂಬಾ ಜನ ಎಡವುವುದು ಹಂಚಿನ ಮೇಲಿನ ಇಸವಿಯಲ್ಲಿ. 1865 ಅಥವಾ 1868 ಎಂದು ಅಚ್ಚಾಗಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಐವತ್ತು ವರ್ಷ ಕಳೆದು ಮಾಡಿದ ಹಂಚಿನಲ್ಲೂ ಅದೇ ಇಸವಿ ಇರುತ್ತದೆ. "ನಮ್ಮ ಮನೆ 1865ರದ್ದು" ಎಂದು ಹೆಮ್ಮೆಯಿಂದ ಹೇಳುವ ಮನೆಗಳನ್ನು ನೀವೂ ನೋಡಿರಬಹುದು. ಮನೆ ಅದಕ್ಕಿಂತ ಹಳೆಯದೂ ಇರಬಹುದು, ತೀರಾ ಹೊಸದೂ ಇರಬಹುದು. ಹಂಚಿನ ಇಸವಿಯಿಂದ ಅದು ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ, ಒಂದು ಮಾಡಿನಲ್ಲಿ ಒಂದೇ ಕಂಪನಿಯ ಹಂಚು ಇರುವುದು ಕಡಿಮೆ. ಮಳೆಗಾಲಕ್ಕೆ ಮೊದಲು ಮಾಡು ಕೈಯಾಡಿಸುವಾಗ ಒಡೆದದ್ದನ್ನು ತೆಗೆದು ಸಿಕ್ಕಿದ್ದನ್ನು ಹಾಕುತ್ತಾರೆ, ಅಲ್ವಾ. ತೆಂಗಿನಕಾಯಿ ಬೀಳುವ ಕಡೆ, ಅಂಚಿನ ಸಾಲು, ನೀರು ಸೇರುವ ಮೂಲೆ, ಇವು ಬೇಗ ಬದಲಾಗುತ್ತವೆ. ಮಾಡಿನ ನಡುಭಾಗ ನೋಡಿ. ಅಲ್ಲಿ ಒಂದು ಚದರ ಮೀಟರಿಗೆ ಹದಿನೈದರ ಹತ್ತಿರ ಹಂಚು ಬರುತ್ತವೆ. ಅಂಥ ನಾಲ್ಕೈದು ಕಡೆ ಯಾವ ಹೆಸರು ಎಷ್ಟು ಎಂದು ಎಣಿಸಿ ಬರೆದುಕೊಳ್ಳಿ. ಜಾಸ್ತಿ ಇರುವ ಹೆಸರು ಮೊದಲು ಹಾಕಿದ್ದು ಎಂದು ಹಿಡಿಯಬಹುದು, ಉಳಿದವು ರಿಪೇರಿಯವು. ಕೊಟ್ಟಿಗೆಯ ಹಂಚನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿಗೆ ಯಾವಾಗಲೂ ಬೇರೆ ಕಡೆಯಿಂದ ಇಳಿಸಿದ ಹಂಚೇ ಹೋಗುವುದು. ಹೆಸರಿನ ಜೊತೆ ಪ್ರಾಣಿಯದ್ದೋ ಹೂವಿನದ್ದೋ ಗುರುತಿದ್ದರೆ ಅದರ ಫೋಟೋವನ್ನೂ ತೆಗೆದಿಡಿ. ಮುಚ್ಚಿಹೋದ ಸಣ್ಣ ಕಾರ್ಖಾನೆಗಳನ್ನು ಗುರುತಿಸಲು ಅದೇ ಆಧಾರ.

ಹಂಚು ಹೇಗೆ ಬಂತು ಎನ್ನುವುದನ್ನೂ ಯೋಚಿಸಿ. ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಅದಕ್ಕೂ ಮೊದಲು ಭಾರದ ಸಾಮಾನು ಬರುತ್ತಿದ್ದದ್ದು ಮಂಜಿಯಲ್ಲಿ (ಸರಕಿನ ದೋಣಿ), ಸಮುದ್ರ ಮತ್ತು ಹೊಳೆಯ ದಾರಿಯಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ. ಆದ್ದರಿಂದ ಹೊಳೆ ಬದಿಯ ಮನೆಗೂ ಒಳನಾಡಿನ ಮನೆಗೂ ಹಂಚು ಬಂದ ಕಾಲದಲ್ಲಿ ವ್ಯತ್ಯಾಸ ಇರಬಹುದು. ಇದನ್ನು ನಿಯಮ ಅಂತ ಹಿಡಿಯಬೇಡಿ, ಕಣ್ಣಿಟ್ಟು ನೋಡಿ ಅಷ್ಟೆ.

ಹಂಚಿನ ಕೆಳಗೆ ಹಳೆ ಮನೆ

ಹಂಚು ಹೇಳುವುದು ಮಾಡಿನ ಕಾಲವನ್ನು. ಗೋಡೆ ಅದಕ್ಕಿಂತ ಎಷ್ಟೋ ಹಿಂದಿನದ್ದಾಗಿರಬಹುದು, ಯಾಕೆಂದರೆ ನಮ್ಮಲ್ಲಿ ಬಹಳ ಮನೆಗಳು ಮೊದಲು ಮುಳಿಹುಲ್ಲಿನವು, ಆಮೇಲೆ ಹಂಚಿನವು ಆದವು. ಇದನ್ನು ಪತ್ತೆ ಮಾಡುವುದು ಪಕ್ಕಾಸು (ಮಾಡಿನ ಇಳಿಜಾರು ಮರ) ಮತ್ತು ರೀಪು (ಅದರ ಮೇಲೆ ಅಡ್ಡ ಹೊಡೆದ, ಹಂಚು ಕೂರುವ ಪಟ್ಟಿ) ನೋಡಿ. ಮಂಗಳೂರು ಹಂಚಿಗೆ ರೀಪುಗಳು ಒಂದೇ ಅಂತರದಲ್ಲಿ, ಸುಮಾರು ಒಂದಡಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ, ನೇರವಾಗಿ ಇರಲೇಬೇಕು. ಇಲ್ಲದಿದ್ದರೆ ಹಂಚು ಕೂರುವುದಿಲ್ಲ. ಹುಲ್ಲಿನ ಮಾಡಿಗೆ ಆ ಕಟ್ಟುಪಾಡು ಇಲ್ಲ. ಪಕ್ಕಾಸಿನಲ್ಲಿ ಈಗಿನ ರೀಪಿಗೆ ಸಂಬಂಧವೇ ಇಲ್ಲದ ತೂತುಗಳು, ಹಗ್ಗ ಉಜ್ಜಿದ ಗುರುತು, ಹಳೆ ಗೂಟದ ತುಂಡು ಕಂಡರೆ ಮೊದಲು ಬೇರೆ ಮಾಡು ಇತ್ತು ಎಂದು ಅರ್ಥ. ಇನ್ನೊಂದು ಗುರುತು ಗೋಡೆಯ ಮೇಲ್ತುದಿಯಲ್ಲಿ. ಹಂಚು ಹಾಕುವಾಗ ಗೋಡೆಯನ್ನು ಒಂದೆರಡು ವರಸೆ (ಕಲ್ಲಿನ ಸಾಲು) ಎತ್ತರಿಸಿರುತ್ತಾರೆ, ಅಲ್ಲಿ ಕಲ್ಲಿನ ಬಣ್ಣ, ಗಾರೆಯ ಬಣ್ಣ ಬೇರೆಯಾಗಿ ಒಂದು ಗೆರೆ ಹಾಗೆ ಕಾಣುತ್ತದೆ.

ಪಕ್ಕಾಸು ಸೇರುವ ಜಾಗಗಳಲ್ಲಿ ಸಣ್ಣ ಗೀರು, ಅಂಕಿ, ಅಕ್ಷರಗಳಿವೆಯಾ ನೋಡಿ. ಮರದ ಕೆಲಸವನ್ನು ಕೆಳಗೆ ಅಂಗಳದಲ್ಲಿ ಕೂಡಿಸಿ ನೋಡಿ, ಬಿಚ್ಚಿ, ಮತ್ತೆ ಮೇಲೆ ಜೋಡಿಸುವಾಗ ಯಾವುದು ಯಾವುದಕ್ಕೆ ಎಂದು ತಿಳಿಯಲು ಆಚಾರಿ ಹಾಕಿಕೊಂಡ ಗುರುತು ಅದು. ಕನ್ನಡ ಅಂಕಿಯೋ, ಇಂಗ್ಲಿಷ್ ಅಂಕಿಯೋ, ಮಲಯಾಳ ಅಕ್ಷರವೋ ಅನ್ನುವುದರಿಂದ ಆಚಾರಿ ಯಾವ ಕಡೆಯಿಂದ ಬಂದವರು ಎನ್ನುವುದಕ್ಕೆ ಒಂದು ಎಳೆ ಸಿಗುತ್ತದೆ. ಮರದ ಮೇಲೆ ಆ ಕೈಬರಹ ನೋಡುವಾಗ ನನಗಂತೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ಹೆಸರು ಉಳಿಯದ ಒಬ್ಬ ಮನುಷ್ಯನ ಕೈ ಅಲ್ಲಿ ಉಳಿದಿದೆ.

ಮೊಳೆಯನ್ನೂ ಬಿಡಬೇಡಿ. ಕಮ್ಮಾರ ಬಡಿದ ಮೊಳೆ ಚೌಕ, ತುದಿಗೆ ಹೋಗುತ್ತ ಸಪೂರ. ಕಾರ್ಖಾನೆಯ ತಂತಿ ಮೊಳೆ ಉದ್ದಕ್ಕೂ ಒಂದೇ ದಪ್ಪದ ದುಂಡು. ಮೊದಲಿನದ್ದು ಹಳೆ ಕೆಲಸ, ಎರಡನೆಯದ್ದು ನಂತರದ್ದು ಅಥವಾ ರಿಪೇರಿ.

ಕಬ್ಬಿಣ ಸಿಕ್ಕರೆ ಅದೃಷ್ಟ. ಉಪ್ಪರಿಗೆ ಇರುವ ಅಂಗಡಿ, ಕಛೇರಿಗಳಲ್ಲಿ ಮರದ ತೊಲೆಯ ಬದಲು ಕಬ್ಬಿಣದ ಗರ್ಡರ್ ಹಾಕಿದ್ದುಂಟು. ಅದರ ಪಕ್ಕೆಯ ಮೇಲೆ ಬಣ್ಣ ಕೆರೆದರೆ ಹೆಸರು ಸಿಗಬಹುದು. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನದ್ದು. ಟಾಟಾ ಎಂದಿದ್ದರೆ 1912ರ ನಂತರದ್ದು, ಅವರ ಕಾರ್ಖಾನೆಯಲ್ಲಿ ಉಕ್ಕು ಹೊರಬಂದದ್ದು ಆ ವರ್ಷ. ಕೆಲವು ಕಡೆ ಹಳೆ ರೈಲು ಹಳಿಯನ್ನೇ ತೊಲೆಯಾಗಿ ಇಟ್ಟಿರುತ್ತಾರೆ. ಹಳಿಯ ಪಕ್ಕೆಯಲ್ಲಿ ಮಾಡಿದವರ ಹೆಸರಿನ ಜೊತೆ ಇಸವಿಯನ್ನೂ ಅಚ್ಚು ಹಾಕುವ ಪದ್ಧತಿ ಉಂಟು, ಮತ್ತು ಇದು ಹಂಚಿನ ಇಸವಿಯ ಹಾಗಲ್ಲ, ಹಳಿ ತಯಾರಾದ ವರ್ಷವೇ. ಕಟ್ಟಡ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ, ತೊಲೆ ಮೊದಲ ಕೆಲಸದ್ದೇ ಆಗಿದ್ದರೆ.

ಈ ತರ್ಕವನ್ನೇ ಎಲ್ಲದಕ್ಕೂ ಹಾಕಿ. ಮೊದಲ ಕೆಲಸದಲ್ಲೇ ಸೇರಿದ್ದು ಎಂದು ಖಚಿತವಾಗಿರುವ ವಸ್ತುಗಳಲ್ಲಿ ಅತಿ ಹೊಸದು ಯಾವುದೋ, ಕಟ್ಟಡ ಅದಕ್ಕಿಂತ ಹಿಂದಿನದ್ದಲ್ಲ. ಸಿಮೆಂಟು ನೋಡಿ. ನಮ್ಮ ದೇಶದಲ್ಲಿ ಪೋರ್‌ಬಂದರಿನ ಕಾರ್ಖಾನೆಯಿಂದ ಸಿಮೆಂಟು ಬರತೊಡಗಿದ್ದು 1914ರಲ್ಲಿ. ಅದಕ್ಕೂ ಮೊದಲು ಹಡಗಿನಲ್ಲಿ ಬರುತ್ತಿದ್ದ ದುಬಾರಿ ಸಾಮಾನು ಅದು, ಹಳ್ಳಿ ಮನೆಯ ಗೋಡೆಗೆ ಯಾರೂ ಸುರಿಯುತ್ತಿರಲಿಲ್ಲ. ಗೋಡೆಯ ಸಂದಿನ ಗಾರೆಯನ್ನು ಉಗುರಿನಲ್ಲಿ ಕೆರೆದು ನೋಡಿ. ಬಿಳಿ ಪುಡಿ ಬಂದು ಒಳಗೆ ಚಿಪ್ಪಿನ ಚೂರು ಕಂಡರೆ ಚಿಪ್ಪು ಸುಟ್ಟ ಸುಣ್ಣ. ಬೂದು ಬಣ್ಣ, ಕೆರೆದರೂ ಬಾರದಿದ್ದರೆ ಸಿಮೆಂಟು. ಆದರೆ ಹೊರಗಿನ ಸಾರಣೆ ಸಿಮೆಂಟಾದ ಮಾತ್ರಕ್ಕೆ ಮನೆ ಹೊಸದು ಅನ್ನಬೇಡಿ, ಅದನ್ನು ನಂತರ ಬಳಿದಿರುತ್ತಾರೆ.

ಮುರಕಲ್ಲಿನ ಬಗ್ಗೆ ಎರಡು ಮಾತು. ಹೊಸದಾಗಿ ಕಡಿದಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ, ಇದೇ ಅದರ ಗುಣ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ. ಸಾರಣೆ ಬಿದ್ದ ಜಾಗದಲ್ಲಿ ಕಲ್ಲಿನ ಮುಖ ನೋಡಿ. ಕೈಯಲ್ಲಿ ಕಡಿದ ಕಲ್ಲಿನ ಮೇಲೆ ಓರೆ ಓರೆ ಏಟಿನ ಗುರುತು, ಕಲ್ಲಿನಿಂದ ಕಲ್ಲಿಗೆ ಅಳತೆಯೂ ತುಸು ಬೇರೆ. ಮೆಶಿನ್ನಿನಲ್ಲಿ ಕೊಯ್ದ ಕಲ್ಲಿನ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆಗಳು, ಎಲ್ಲ ಕಲ್ಲೂ ಒಂದೇ ಅಳತೆ. ಎರಡನೆಯದ್ದು ಕಂಡರೆ ಆ ಗೋಡೆ ಇತ್ತೀಚಿನದ್ದು.

ಆಚಾರಿಯ ಕೋಲಾ, ಎಂಜಿನಿಯರ ಅಡಿಯಾ

ನನಗೆ ಅತ್ಯಂತ ಇಷ್ಟದ ಭಾಗ ಇದು. ಟೇಪು ಹಿಡಿದು ಅಳೆದರೆ ಕಟ್ಟಡ ಯಾರ ಲೆಕ್ಕದಲ್ಲಿ ಎದ್ದದ್ದು ಎಂದು ಅಂದಾಜು ಮಾಡಬಹುದು.

ಸರ್ಕಾರದ ಪಿ.ಡಬ್ಲ್ಯೂ.ಡಿ. (ಲೋಕೋಪಯೋಗಿ ಇಲಾಖೆ), ರೈಲ್ವೆ, ಮಿಶನ್ ಕಟ್ಟಡಗಳ ನಕ್ಷೆ ಅಡಿ, ಇಂಚಿನಲ್ಲಿ. ಕೋಣೆಯ ಒಳ ಅಳತೆ ಹೆಚ್ಚಾಗಿ ಪೂರ್ಣ ಅಡಿಗೆ ಬರುತ್ತದೆ. ಉದಾಹರಣೆಗೆ ಟೇಪಿನಲ್ಲಿ 4.88 ಮೀಟರ್, 3.66 ಮೀಟರ್ ಬಂದರೆ ಅದು 16 ಅಡಿ, 12 ಅಡಿ. ಶಾಲೆಯ ತರಗತಿಗಳು ಸಾಲಾಗಿ ಒಂದೇ ಅಳತೆ, ಕಿಟಕಿಗಳು ಒಂದೇ ಅಂತರ, ಬಾಗಿಲ ಮೇಲೆ ಗಾಳಿಯ ಕಿಂಡಿ ಇದ್ದರೆ ಕಾಗದದ ಮೇಲೆ ನಕ್ಷೆ ಬರೆದು ಕಟ್ಟಿದ್ದು ಎಂದು ಹೇಳಬಹುದು.

ಆಚಾರಿಯ ಲೆಕ್ಕ ಬೇರೆ. ಅವರ ಅಳತೆ ಕೋಲು. ಒಂದು ಕೋಲಿಗೆ 24 ಅಂಗುಲ, ಈಗಿನ ಲೆಕ್ಕದಲ್ಲಿ 72 ಸೆಂಟಿಮೀಟರ್. ಅಂದರೆ ಅವರ ಒಂದು ಅಂಗುಲಕ್ಕೆ 3 ಸೆಂಟಿಮೀಟರ್. ಅವರು ಉದ್ದ ಅಗಲಕ್ಕಿಂತ ಸುತ್ತಳತೆಯನ್ನು ಮುಖ್ಯ ಮಾಡುತ್ತಾರೆ. ಸುತ್ತಳತೆಯನ್ನು ಕೋಲಿನಲ್ಲಿ ಹಿಡಿದು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿದಾಗ ಏನು ಉಳಿಯುತ್ತದೋ ಅದೇ ಆಯ. ಒಂದು ಉಳಿದರೆ ಧ್ವಜಾಯ, ಮೂರು ಸಿಂಹಾಯ, ಐದು ವೃಷಭಾಯ, ಏಳು ಗಜಾಯ. ಬೆಸ ಸಂಖ್ಯೆಯೇ ಬರಬೇಕು, ಸಮ ಸಂಖ್ಯೆ ಮನೆಗೆ ಆಗದು.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಚಾವಡಿಯ ಉದ್ದ 5.40 ಮೀಟರ್, ಅಗಲ 4.32 ಮೀಟರ್ ಅಂತ ಇಟ್ಟುಕೊಳ್ಳಿ. ಅಡಿಗೆ ತಿರುಗಿಸಿದರೆ 17 ಅಡಿ 8 ಚಿಲ್ಲರೆ ಇಂಚು, 14 ಅಡಿ 2 ಇಂಚು, ಏನೂ ಅರ್ಥವಾಗದ ಸಂಖ್ಯೆ. ಕೋಲಿಗೆ ತಿರುಗಿಸಿ: ಏಳೂವರೆ ಕೋಲು, ಆರು ಕೋಲು. ಸುತ್ತಳತೆ 27 ಕೋಲು. ಮೂರರಿಂದ ಗುಣಿಸಿದರೆ 81. ಎಂಟರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಧ್ವಜಾಯ! ಅಡಿಯಲ್ಲಿ ಗೊಂದಲವಾಗಿ ಕಂಡದ್ದು ಕೋಲಿನಲ್ಲಿ ಎಷ್ಟು ಸ್ಪಷ್ಟವಾಗಿ ನಿಂತಿತು ನೋಡಿ.

ಎರಡು ಎಚ್ಚರಿಕೆ. ಸುತ್ತಳತೆಯನ್ನು ಗೋಡೆಯ ಒಳಗೆ ಹಿಡಿದದ್ದಾ, ಹೊರಗೆ ಹಿಡಿದದ್ದಾ, ಅಥವಾ ಗೋಡೆಯ ಮೇಲೆ ಕೂರುವ ಮರದ ಅಂಚಿನಲ್ಲಿ ಹಿಡಿದದ್ದಾ ಎನ್ನುವುದು ಕಟ್ಟಡದಿಂದ ಕಟ್ಟಡಕ್ಕೆ ಬದಲಾಗಬಹುದು. ಮೂರನ್ನೂ ಅಳೆದು ನೋಡಿ. ಇನ್ನೊಂದು, ಎಂಟರಲ್ಲಿ ನಾಲ್ಕು ಸಂಖ್ಯೆ ಬೆಸವೇ ಆದ್ದರಿಂದ ಒಂದು ಕೋಣೆಯಲ್ಲಿ ಬೆಸ ಬಂದರೆ ಅದು ಆಕಸ್ಮಿಕವೂ ಆಗಬಹುದು. ಮೂರು ನಾಲ್ಕು ಕೋಣೆ, ಇಡೀ ಮನೆಯ ಹೊರ ಸುತ್ತು, ಅಂಗಳ, ಎಲ್ಲ ಕಡೆ ಬೆಸ ಬಂದರೆ ಮಾತ್ರ ಆಚಾರಿಯ ಲೆಕ್ಕ ಎಂದು ಬರೆಯಿರಿ.

ಎರಡೂ ಬೆರೆತ ಕಟ್ಟಡಗಳು ಇನ್ನೂ ಸ್ವಾರಸ್ಯ. ಒಳಗಿನ ಚಾವಡಿ, ನಡುಮನೆ ಕೋಲಿನಲ್ಲಿ, ಮುಂದಿನ ಉಪ್ಪರಿಗೆ, ಆಫೀಸು ಕೋಣೆ ಅಡಿಯಲ್ಲಿ ಬಂದರೆ ಮನೆ ಎರಡು ಸಲ ಕಟ್ಟಿದ್ದು. ಮನೆಯವರಿಗೇ ಗೊತ್ತಿಲ್ಲದ ವಿಷಯವನ್ನು ಟೇಪು ಹೇಳುತ್ತದೆ.

ಅಳೆಯುವ ಕ್ರಮ ಸುಲಭ. ಗೋಡೆಯ ಉದ್ದದ ಜೊತೆ ಪ್ರತಿ ಕೋಣೆಯ ಮೂಲೆಯಿಂದ ಮೂಲೆಗೆ ಓರೆಯಾಗಿಯೂ ಅಳೆಯಿರಿ. ಎರಡು ಓರೆ ಅಳತೆ ಒಂದೇ ಬಂದರೆ ಕೋಣೆ ಚೊಕ್ಕ ಆಯತ. ಗೋಡೆಯ ದಪ್ಪ ಬಾಗಿಲ ಬಳಿ ಸಿಗುತ್ತದೆ. ಫೋಟೋ ನಾಲ್ಕೂ ದಿಕ್ಕಿನಿಂದ, ಪ್ರತಿ ಕೋಣೆಯ ಎರಡು ಎದುರು ಮೂಲೆಯಿಂದ, ಚಿಕ್ಕ ವಸ್ತುವಿನ ಪಕ್ಕ ಸ್ಕೇಲ್ ಇಟ್ಟು.

ಬರಹ ಮತ್ತು ಕಾಗದ

ಬಾಗಿಲ ದಾರಂದ (ಚೌಕಟ್ಟು), ತುಳಸಿಕಟ್ಟೆ, ಬಾವಿಯ ಕಟ್ಟೆ, ಈ ಮೂರು ಕಡೆ ಬರಹ ಹುಡುಕಿ. ಇಸವಿಯ ಬದಲು ಸಂವತ್ಸರ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ ಎನ್ನುವುದು ನೆನಪಿರಲಿ. ವಿಶ್ವಾವಸು ಎಂದಿದ್ದರೆ 1905, 1965, 2025 ಮೂರೂ ಆಗಬಹುದು. ಹಂಚು, ಗಾರೆ ನೋಡಿದ ಮೇಲೆ ಮೂರರಲ್ಲಿ ಯಾವುದು ಎಂದು ಆರಿಸುವುದು ಕಷ್ಟವಲ್ಲ. ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ಹೋದಂತೆ ಮಲಯಾಳಿಗಳ ಕೊಲ್ಲಂ ವರ್ಷವೂ ಸಿಗುತ್ತದೆ. ಅದಕ್ಕೆ 824 ಅಥವಾ 825 ಕೂಡಿಸಿ. ಕೊಲ್ಲಂ 1100 ಅಂದರೆ 1924-25.

ಮನೆಯ ಪೆಟ್ಟಿಗೆಯಲ್ಲಿರುವ ಹಳೆ ಆಸ್ತಿಪತ್ರ, ಮೂಲಗೇಣಿ (ಕಾಯಂ ಗೇಣಿ) ಚೀಟು, ಪಾಲುಪಟ್ಟಿಗಳನ್ನು ನೋಡಲು ಕೇಳಿ. ಜಾಗದ ಗಡಿಯ ಬಗ್ಗೆ ಕೇಳುವುದಿಲ್ಲ, ಮನೆಯ ವರ್ಣನೆ ಮಾತ್ರ ಬೇಕು ಎಂದು ಮೊದಲೇ ಹೇಳಿ. ಹಳೆ ಪತ್ರಗಳಲ್ಲಿ ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಬರೆಯುವಾಗ "ಹುಲ್ಲಿನ ಮನೆ", "ಹಂಚಿನ ಮನೆ" ಎಂದು ಬಿಡಿಸಿ ಬರೆದದ್ದು ಸಿಕ್ಕರೆ ಅದು ಬಹಳ ದೊಡ್ಡ ಆಧಾರ. ಒಂದು ಪತ್ರದಲ್ಲಿ ಹುಲ್ಲು, ಮುಂದಿನ ಪತ್ರದಲ್ಲಿ ಹಂಚು ಇದ್ದರೆ ಮಾಡು ಬದಲಾದದ್ದು ಆ ಎರಡು ತಾರೀಕಿನ ನಡುವೆ. ತಾರೀಕು ಹರಿದುಹೋಗಿದ್ದರೆ ಛಾಪಾ ಕಾಗದದ ಮೇಲಿನ ಮುಖ ನೋಡಿ. ವಿಕ್ಟೋರಿಯಾ ರಾಣಿ 1901ರವರೆಗೆ, ಏಳನೇ ಎಡ್ವರ್ಡ್ 1910ರವರೆಗೆ, ಐದನೇ ಜಾರ್ಜ್ 1936ರವರೆಗೆ ಆಳಿದವರು. ಹಳೆ ದಾಸ್ತಾನು ಸ್ವಲ್ಪ ಕಾಲ ನಡೆಯುತ್ತಿತ್ತು, ಹಾಗಾಗಿ ಒಂದೆರಡು ವರ್ಷ ಆಚೀಚೆ ಇರಲಿ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅದಕ್ಕೂ ಮೊದಲಿನ ಸರ್ಕಾರಿ ಕಟ್ಟಡದ ಕಾಗದ ಹುಡುಕುವವರು ತಿರುವನಂತಪುರಕ್ಕೆ ಹೋಗಿ ಪ್ರಯೋಜನ ಕಡಿಮೆ. ಮದರಾಸು ಸರ್ಕಾರದ ದಾಖಲೆಗಳು ಇರುವುದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ. ಮಿಶನ್ನಿನ ಶಾಲೆ, ಇಗರ್ಜಿ, ಬಂಗ್ಲೆಯಾದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೆ ಬರೆಯಿರಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಸಂಗ್ರಹದ ಹಳೆ ಫೋಟೋಗಳನ್ನು ಮನೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲೇ ನೋಡಬಹುದು. ಊರಿನ ಹೆಸರನ್ನು ಹಳೆ ಇಂಗ್ಲಿಷ್ ಕಾಗುಣಿತದಲ್ಲೂ ಹುಡುಕಿ. ರೈಲ್ವೆ ಸಾಮಾನಿನ ಮೇಲೆ ಮದ್ರಾಸ್ ರೈಲ್ವೆಯ ಗುರುತಿದ್ದರೆ 1908ಕ್ಕೆ ಮೊದಲಿನದ್ದು, ಆ ವರ್ಷ ನಮ್ಮ ಲೈನು ಸೌತ್ ಇಂಡಿಯನ್ ರೈಲ್ವೆಗೆ ಹೋಯಿತು.

ಇಲ್ಲಿನ ಗ್ರಾಮ ಕಛೇರಿ, ಸಬ್ ರಿಜಿಸ್ಟ್ರಾರ್ ಕಛೇರಿಗೆ ಅರ್ಜಿಯನ್ನು ಕನ್ನಡದಲ್ಲೇ ಕೊಡಿ. ಅದು ನಮ್ಮ ಹಕ್ಕು. ಕುಂದುಕೊರತೆಯ ಅಹವಾಲನ್ನು ನಮ್ಮ ಭಾಷೆಯಲ್ಲಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯಲ್ಲೇ ಉಂಟು. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬಾರದಿದ್ದರೆ ಜಗಳಕ್ಕೆ ಹೋಗದೆ ಜೊತೆಗೆ ಮಲಯಾಳದಲ್ಲಿ ಎರಡು ಸಾಲು ಬರೆದು ಲಗತ್ತಿಸಿದರೆ ಕೆಲಸ ಬೇಗ ಆಗುತ್ತದೆ. ಒಂದು ಲಾಭವನ್ನು ಮರೆಯಬೇಡಿ: ಹಳೆ ಪತ್ರಗಳು ಕನ್ನಡದಲ್ಲಿವೆ. ಅವನ್ನು ಓದಬಲ್ಲವರು ಈಗ ನಾವೇ. ಕೂಡಕ್ಷರ (ಕೂಡಿಸಿ ಬರೆದ ಹಳೆ ಕೈಬರಹ) ತಿಳಿಯದಿದ್ದರೆ ಊರಿನ ನಿವೃತ್ತ ಕನ್ನಡ ಮೇಷ್ಟ್ರನ್ನೋ ಹಳೆ ದಸ್ತಾವೇಜು ಬರೆಯುವವರನ್ನೋ ಕೇಳಿ, ಖುಷಿಯಿಂದ ಓದಿಕೊಡುತ್ತಾರೆ.

ಅಜ್ಜ ಅಜ್ಜಿಯರ ಹತ್ತಿರ ಕೇಳುವ ಬಗೆ

"ಈ ಮನೆ ಯಾವಾಗ ಕಟ್ಟಿದ್ದು?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಘಟನೆಗೆ ಕಟ್ಟಿ ಕೇಳಿ. "ಅಜ್ಜೀ, ನೀವು ಮದುವೆಯಾಗಿ ಬರುವಾಗ ಈ ಉಪ್ಪರಿಗೆ ಇತ್ತಾ?" "ಅಜ್ಜಾ, ಹಂಚು ಹಾಕಿದ್ದು ನಿಮಗೆ ನೆನಪುಂಟಾ, ಅಲ್ಲ ಹೇಳಿ ಕೇಳಿದ್ದಾ?" ಮುಳಿಹುಲ್ಲು ಎಲ್ಲಿಂದ ತರುತ್ತಿದ್ದರು, ಮರ ನಮ್ಮದೇ ಗುಡ್ಡೆಯದ್ದಾ, ಹಲಸಾ ಹೆಬ್ಬಲಸಾ, ಆಚಾರಿಗಳು ಎಷ್ಟು ತಿಂಗಳು ಇಲ್ಲೇ ಉಳಿದಿದ್ದರು, ಅವರಿಗೆ ಕೊಟ್ಟದ್ದು ಹಣವಾ ಅಕ್ಕಿಯಾ, ಕಲ್ಲಿನ ಕೋರೆ ಈಗ ಎಲ್ಲಿದೆ. ಹೀಗೆ ಕೇಳುತ್ತ ಹೋದರೆ ಆಚಾರಿಯ ಊರು, ಮನೆತನ, ಕೆಲವೊಮ್ಮೆ ಹೆಸರೇ ಹೊರಬರುತ್ತದೆ. ಹೆಸರು ಸಿಕ್ಕ ದಿನವೇ ಆ ಮನೆತನದವರನ್ನು ಹುಡುಕಿ ಹೋಗಿ. ಅವರ ಹತ್ತಿರ ಹಳೆ ಕೋಲು ಇದ್ದರೆ ಅದರ ಉದ್ದ ಅಳೆದುಕೊಳ್ಳಿ. 72 ಸೆಂಟಿಮೀಟರಿಗಿಂತ ತುಸು ಆಚೀಚೆ ಇದ್ದರೆ ಆ ಅಳತೆಯಲ್ಲೇ ಮನೆಯ ಲೆಕ್ಕವನ್ನು ಇನ್ನೊಮ್ಮೆ ಮಾಡಿ, ಕೂಡದೆ ಉಳಿದಿದ್ದ ಕೋಣೆಗಳೂ ಕೂಡಿಬರಬಹುದು.

ಅವರ ಮಾತಿಗೂ ನಿಮ್ಮ ಹಂಚು, ಮೊಳೆ, ಗಾರೆಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ. ಒಂದನ್ನು ಅಳಿಸಿ ಇನ್ನೊಂದನ್ನು ಸರಿ ಮಾಡಬೇಡಿ. ಹಿರಿಯರು ಹೇಳುವುದು ಒಳಗಿನ ಹಳೆ ಮನೆಯ ವಿಷಯ, ಹಂಚು ಹೇಳುವುದು ಮಾಡಿನ ವಿಷಯ ಆಗಿರುತ್ತದೆ ಅನೇಕ ಸಲ.

ಕೆಡವುವುದು ನಿಶ್ಚಯವೇ ಆಗಿದ್ದರೆ ಆ ದಿನ ಅಲ್ಲಿ ಇರಿ. ಹಂಚು ಇಳಿಸಿದ ಮೇಲೆ, ಪಕ್ಕಾಸು ಬಿಚ್ಚುವ ಮೊದಲು ಅರ್ಧ ಗಂಟೆ ಬಿಡಲು ಕೆಲಸದವರಿಗೆ ಹೇಳಿ, ಬೆಳಕು ನೇರವಾಗಿ ಬೀಳುವ ಆ ಹೊತ್ತಿನಲ್ಲಿ ಅಟ್ಟದಲ್ಲಿ ಕಾಣದಿದ್ದ ಗುರುತುಗಳೆಲ್ಲ ಕಾಣುತ್ತವೆ. ಪ್ರತಿ ಹೆಸರಿನ ಒಂದು ಇಡೀ ಹಂಚು, ಆಚಾರಿಯ ಗುರುತಿರುವ ಒಂದು ಪಕ್ಕಾಸಿನ ತುಂಡು, ಒಂದು ಹಿಡಿ ಗಾರೆ, ನಾಲ್ಕು ಮೊಳೆ ಕೇಳಿ ತೆಗೆದಿಡಿ, ಮೇಲೆ ಊರು, ಕೋಣೆ, ತಾರೀಕು ಬರೆದು. ಫೋಟೋ ಮತ್ತು ಅಳತೆಯ ಒಂದು ಪ್ರತಿ ಮನೆಯವರಿಗೆ, ಒಂದು ಪ್ರತಿ ಊರಿನ ಶಾಲೆಯ ಅಥವಾ ಪಂಚಾಯತಿನ ಗ್ರಂಥಾಲಯಕ್ಕೆ ಕೊಡಿ. ಫೈಲಿನ ಹೆಸರಿನಲ್ಲೇ ಊರು, ದಿಕ್ಕು, ತಾರೀಕು ಇರಲಿ, ಮೊಬೈಲು ಕೊಟ್ಟ ಸಂಖ್ಯೆಯನ್ನು ಹಾಗೇ ಬಿಡಬೇಡಿ.